ಒಂದೇ ಪ್ರತಿ, ನೂರಾರು ಮನೆ: ಮಲ್ಟಿಕಾಸ್ಟ್ ರೂಟಿಂಗ್ ಎಂದರೇನು?



2020ರ ಲಾಕ್‌ಡೌನ್ ದಿನಗಳಿಂದೀಚೆಗೆ ಬಲಿಪೂಜೆಯ ನೇರಪ್ರಸಾರ ನಮಗೆ ಹೊಸತಲ್ಲ. ಹಾಸಿಗೆ ಹಿಡಿದ ಹಿರಿಯರೂ ಗಲ್ಫ್‌ನಲ್ಲಿ ದುಡಿಯುವ ಮಕ್ಕಳೂ ಅದನ್ನು ನೆಚ್ಚಿಕೊಂಡಿದ್ದಾರೆ. ಆದುದರಿಂದ ಒಂದೇ ದೃಶ್ಯ ಅನೇಕರಿಗೆ ತಲಪುವ ಬಗೆಯನ್ನು ಧರ್ಮಕೇಂದ್ರದ ಕಾರ್ಯಕರ್ತರು ಅರಿತಿರುವುದು ಒಳ್ಳೆಯದು.

ಸಾಮಾನ್ಯವಾಗಿ ಅಂತರ್ಜಾಲದಲ್ಲಿ ಪ್ರತಿಯೊಬ್ಬ ವೀಕ್ಷಕನಿಗೂ ಪ್ರತ್ಯೇಕ ಪ್ರತಿ ಹೋಗುತ್ತದೆ. ಇದು ಯೂನಿಕಾಸ್ಟ್. ಸೆಕೆಂಡಿಗೆ 2 ಮೆಗಾಬಿಟ್‌ನ ದೃಶ್ಯವನ್ನು 300 ಮಂದಿ ನೋಡಿದರೆ ಮೂಲದಿಂದ 600 ಮೆಗಾಬಿಟ್ ಹೊರಡಬೇಕು. ಬೇಕಾದವರಿಗೂ ಬೇಡವಾದವರಿಗೂ ಕಳುಹಿಸುವುದು ಬ್ರಾಡ್‌ಕಾಸ್ಟ್. ಇವೆರಡರ ನಡುವಿನ ದಾರಿಯೇ ಮಲ್ಟಿಕಾಸ್ಟ್.

ನಮ್ಮ ವಾಳೆಗಳನ್ನೇ ನೋಡಿ. ಸುತ್ತೋಲೆಯನ್ನು ಕಚೇರಿಯಿಂದ ಮನೆಮನೆಗೆ ಒಯ್ಯುವುದಿಲ್ಲ. ಗುರಿಕಾರರಿಗೆ ಒಂದು ಪ್ರತಿ ಸಿಕ್ಕಿದರೆ ಸಾಕು. ವಾಳೆಯಲ್ಲಿ ಬೇಕಾದಷ್ಟು ಪ್ರತಿ ಅಲ್ಲೇ ಆಗುತ್ತದೆ. ಮಲ್ಟಿಕಾಸ್ಟ್‌ನಲ್ಲಿ ಗುರಿಕಾರರ ಕೆಲಸ ರೂಟರ್‌ನದು.

ಇದಕ್ಕಾಗಿ 224.0.0.0ರಿಂದ 239.255.255.255ರ ವರೆಗಿನ ವಿಳಾಸಗಳನ್ನು ಮೀಸಲಿಡಲಾಗಿದೆ. ಇವು ಯಂತ್ರದ ವಿಳಾಸಗಳಲ್ಲ, ಗುಂಪಿನ ವಿಳಾಸಗಳು. ಕೇಳುಗರು ಯಾರೆಂದು ಕಳುಹಿಸುವವನಿಗೆ ಗೊತ್ತಿರಬೇಕಾಗಿಲ್ಲ. ಕೇಳುಗನ ಕಂಪ್ಯೂಟರ್ ಐಜಿಎಂಪಿ ಎಂಬ ನಿಯಮದಂತೆ ಹತ್ತಿರದ ರೂಟರ್‌ಗೆ "ಈ ಗುಂಪಿಗೆ ನನ್ನನ್ನೂ ಸೇರಿಸು" ಎನ್ನುತ್ತದೆ. ಆ ರೂಟರ್ ಪಿಐಎಂ ಎಂಬ ನಿಯಮದಂತೆ ಮೂಲದ ಕಡೆಗಿರುವ ಮುಂದಿನ ರೂಟರ್‌ಗೆ ಕೋರಿಕೆ ದಾಟಿಸುತ್ತದೆ. ಹೀಗೆ ಮೂಲದಿಂದ ಕೇಳುಗರ ತನಕ ಒಂದು ಮರ ಬೆಳೆಯುತ್ತದೆ. ಕೊಂಬೆ ಒಡೆಯುವಲ್ಲಿ ಮಾತ್ರ ಪ್ರತಿ ಹೆಚ್ಚುತ್ತದೆ. ಕೊನೆಯ ಕೇಳುಗ ಬಿಟ್ಟುಹೋದರೆ ಆ ಕೊಂಬೆಯನ್ನು ಕಡಿದುಹಾಕಲಾಗುತ್ತದೆ.

ಮೂಲ ಎಲ್ಲಿದೆಯೆಂದು ತಿಳಿಯದಿದ್ದರೆ? ಆಗ ಇಬ್ಬರೂ ಸಂಧಿಸಲು ಒಂದು ನಿಗದಿತ ರೂಟರ್ ಇರುತ್ತದೆ. ಅಲ್ಲಿ ಪರಿಚಯವಾದ ಬಳಿಕ ನೇರ ದಾರಿಗೆ ತಿರುಗಬಹುದು. ಪ್ಯಾಕೆಟ್ ಸುತ್ತುತ್ತಲೇ ಇರದಂತೆ ಇನ್ನೊಂದು ಎಚ್ಚರಿಕೆಯಿದೆ: ಮೂಲಕ್ಕೆ ಹೋಗಲು ತಾನು ಬಳಸುವ ದಾರಿಯಿಂದ ಬಂದುದನ್ನು ಮಾತ್ರ ರೂಟರ್ ಸ್ವೀಕರಿಸುತ್ತದೆ.

ಈ ವಿಧಾನವನ್ನು ರೂಪಿಸಿದವರು ಸ್ಟೀವ್ ಡೀರಿಂಗ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದಾಗ ಅವರು ಬರೆದ ನಿಯಮ 1989ರ ಆಗಸ್ಟ್‌ನಲ್ಲಿ ಹೊರಬಂತು. 1992ರ ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ ಅಂತರ್ಜಾಲ ತಜ್ಞರ ಸಭೆಯ ಧ್ವನಿಯನ್ನು ಇದೇ ವಿಧಾನದಿಂದ 20 ಕಡೆ ಆಲಿಸಲಾಯಿತು.

ಹಾಗಿದ್ದರೂ ಸಾರ್ವಜನಿಕ ಅಂತರ್ಜಾಲದಲ್ಲಿ ಮಲ್ಟಿಕಾಸ್ಟ್ ನೆಲೆಯೂರಲಿಲ್ಲ. ಪ್ರತಿ ಗುಂಪಿನ ಲೆಕ್ಕವನ್ನೂ ದಾರಿಯ ರೂಟರ್‌ಗಳು ಇಟ್ಟುಕೊಳ್ಳಬೇಕು. ಕಂಪೆನಿಗಳ ನಡುವೆ ಖರ್ಚು ಹಂಚುವುದು ಕಷ್ಟ. ಬೇಡದವರೂ ಗುಂಪಿಗೆ ಕಳುಹಿಸಬಹುದು. ಆದುದರಿಂದ ಇದು ಒಬ್ಬರ ಆಡಳಿತದಲ್ಲಿರುವ ಜಾಲಗಳಲ್ಲೇ, ಉದಾಹರಣೆಗೆ ಐಪಿಟಿವಿ ಮತ್ತು ಶೇರು ಮಾರುಕಟ್ಟೆಯ ಬೆಲೆ ರವಾನೆಯಲ್ಲಿ, ಹೆಚ್ಚಾಗಿ ಬಳಕೆಯಲ್ಲಿದೆ. ಯೂಟ್ಯೂಬ್‌ನಲ್ಲಿ ಚರ್ಚ್ ಒಂದೇ ಪ್ರತಿ ಕಳುಹಿಸುತ್ತದೆ; ಅವರ ಸರ್ವರ್‌ಗಳು ವೀಕ್ಷಕರಿಗೆ ಪ್ರತ್ಯೇಕ ಪ್ರತಿಗಳನ್ನು ಕೊಡುತ್ತವೆ.

ಕಾರ್ಯಕರ್ತರು ಗಮನಿಸಬೇಕಾದುದು ಇಷ್ಟು. ಊರ ಹೊರಗಿನವರಿಗೆ ಪ್ರಸಾರ ಮಾಡಲೆಂದು ಮಲ್ಟಿಕಾಸ್ಟ್ ಸಾಧನ ಕೊಂಡು ದೇಣಿಗೆಯ ಹಣ ವ್ಯಯಿಸಬೇಡಿ. ಅಪ್‌ಲೋಡ್ ವೇಗ ಸಾಕಷ್ಟಿದೆಯೇ ಎಂದು ನೋಡಿ. ಹಬ್ಬದ ದಿನ ಸಭಾಭವನ, ಅಂಗಳ, ಶಾಲೆಯ ಪರದೆಗಳಿಗೆ ಒಟ್ಟಿಗೆ ತೋರಿಸುವುದಿದ್ದರೆ ಮಲ್ಟಿಕಾಸ್ಟ್ ಉಪಯುಕ್ತ. ಆಗ ಐಜಿಎಂಪಿ ಸ್ನೂಪಿಂಗ್ ಇರುವ ಸ್ವಿಚ್ಚನ್ನೇ ಆರಿಸಿ. ಇಲ್ಲವಾದರೆ ದೃಶ್ಯ ಎಲ್ಲ ಪೋರ್ಟ್‌ಗಳಿಗೂ ಹರಿದು ಕಚೇರಿಯ ಕೆಲಸವೂ ನಿಧಾನವಾಗುತ್ತದೆ. ವೈಫೈಗಿಂತ ಕೇಬಲ್ ಲೇಸು. ವೈಫೈಯಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ ಸಾಗುತ್ತದೆ. ಕಳೆದುಹೋದ ಪ್ಯಾಕೆಟ್ ಮತ್ತೆ ಬರುವುದಿಲ್ಲ.