ಬೀರು ಹೊರುವಾಗ ಯಾರಿಗೆ ಹೆಚ್ಚು ಭಾರ?

ಸೊರಬದ ಶಾಲೆಯಿಂದ ಶಿಕಾರಿಪುರಕ್ಕೆ ವರ್ಗವಾದ ಶಿಕ್ಷಕರೊಬ್ಬರನ್ನು ಕಲ್ಪಿಸಿಕೊಳ್ಳಿ. ಮನೆಯ ಸಾಮಾನೆಲ್ಲ ಟೆಂಪೊ ಏರಿ, ಶಿರಾಳಕೊಪ್ಪ ಹಾದು, ಹೊಸ ಮನೆಯ ಮುಂದೆ ಬಂದು ನಿಂತಿದೆ. ಪಾತ್ರೆ, ಪುಸ್ತಕ, ಹಾಸಿಗೆಗಳನ್ನು ಗೆಳೆಯರು ಕೈಯಿಂದ ಕೈಗೆ ದಾಟಿಸಿ ಒಳಗಿಟ್ಟಿದ್ದಾರೆ. ಉಳಿದಿರುವುದು ಉಕ್ಕಿನ ಬೀರು. ಅದು ಮಹಡಿಗೆ ಹೋಗಬೇಕು. 'ಗಟ್ಟಿಮುಟ್ಟಾದವರು ಕೆಳಗೆ ಹಿಡಿಯಿರಿ' ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಕೆಳಗಿನವರಿಗೆ ಭಾರ ಹೆಚ್ಚು ಎಂಬ ಈ ಅನುಭವದ ಮಾತು ಸರಿಯೇ. ಆದರೆ ಏಕೆ ಹೆಚ್ಚು? 'ಮೆಟ್ಟಿಲು ಇಳಿಜಾರಾಗಿದೆಯಲ್ಲ' ಎಂಬ ಉತ್ತರ ಅರ್ಧ ಸತ್ಯ ಮಾತ್ರ.

ಗುರುತ್ವ ಕೇಂದ್ರ ಮತ್ತು ಹಿಡಿತ

ಮೊದಲು ಒಂದು ತೆಳು ಹಲಗೆಯನ್ನು ತೆಗೆದುಕೊಳ್ಳೋಣ. ಇಬ್ಬರು ಅದರ ಎರಡು ತುದಿಗಳನ್ನು ಹಿಡಿದು, ನೇರ ಮೇಲಕ್ಕೆ ಬಲ ಹಾಕಿ ಮೆಟ್ಟಿಲು ಹತ್ತುತ್ತಿದ್ದಾರೆ. ಹಲಗೆಯ ಗುರುತ್ವ ಕೇಂದ್ರ ನಡುವಿನಲ್ಲಿದೆ. ಹಲಗೆ ಎಷ್ಟೇ ವಾಲಿದರೂ ಅದರಿಂದ ಇಬ್ಬರಿಗೂ ಇರುವ ಅಡ್ಡ ದೂರ ಸಮನಾಗಿಯೇ ಕುಗ್ಗುತ್ತದೆ. ಆದ್ದರಿಂದ ಭಾರವೂ ಸಮಪಾಲು. ಅಂದರೆ ಇಳಿಜಾರೊಂದೇ ಭಾರದ ಹಂಚಿಕೆಯನ್ನು ಕೆಡಿಸುವುದಿಲ್ಲ.

ಬೀರು ತೆಳುವಲ್ಲ. ಅದರ ಗುರುತ್ವ ಕೇಂದ್ರ ತಳಭಾಗದಿಂದ ಅರ್ಧ ದಪ್ಪದಷ್ಟು ಮೇಲಿದೆ. ಇಬ್ಬರೂ ತಳದ ಅಂಚುಗಳನ್ನು ಹಿಡಿದಿದ್ದರೆ, ಬೀರು ವಾಲಿದಾಗ ಗುರುತ್ವ ಕೇಂದ್ರದಿಂದ ಇಳಿಬಿಟ್ಟ ತೂಗುಗುಂಡು ಕೆಳಗಿನವರ ಕಡೆಗೆ ಸರಿಯುತ್ತದೆ. ಬಲಭ್ರಾಮಕಗಳನ್ನು ಸರಿದೂಗಿಸಿದರೆ ದೊರೆಯುವ ಸೂತ್ರ ಸರಳ:

ಕೆಳಗಿನವರ ಪಾಲು = ½ + (ದಪ್ಪ ÷ ಉದ್ದದ ಎರಡರಷ್ಟು) × ಇಳಿಜಾರು

ಇಲ್ಲಿ ಇಳಿಜಾರು ಎಂದರೆ ಮೆಟ್ಟಿಲಿನ ಎತ್ತರವನ್ನು ಅದರ ಅಗಲದಿಂದ ಭಾಗಿಸಿದ ಬೆಲೆ. 7 ಅಂಗುಲ ಎತ್ತರ, 10 ಅಂಗುಲ ಅಗಲದ ಮೆಟ್ಟಿಲಿಗೆ ಅದು 0.7.

ಬೀರುವಿನ ಉದ್ದ 2 ಮೀಟರ್, ಅಗಲ 0.9 ಮೀಟರ್, ಆಳ 0.5 ಮೀಟರ್, ತೂಕ 80 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಬೆನ್ನು ಕೆಳಗಾಗಿ ಮಲಗಿಸಿ ಹೊತ್ತರೆ ದಪ್ಪ 0.5 ಮೀಟರ್. ಕೆಳಗಿನವರಿಗೆ 47 ಕಿಲೋಗ್ರಾಂ, ಮೇಲಿನವರಿಗೆ 33. ಮೆಟ್ಟಿಲು ಕಿರಿದೆಂದು ಪಕ್ಕಕ್ಕೆ ಮಲಗಿಸಿದರೆ ದಪ್ಪ 0.9 ಮೀಟರ್ ಆಗುತ್ತದೆ. ಆಗ ಕೆಳಗಿನವರಿಗೆ ಸುಮಾರು 53, ಮೇಲಿನವರಿಗೆ 27. ಅದೇ ಬೀರು, ಅದೇ ಮೆಟ್ಟಿಲು. ಆದರೂ ಒಬ್ಬರಿಗೆ ಇನ್ನೊಬ್ಬರ ಸುಮಾರು ಎರಡರಷ್ಟು ಹೊರೆ!

ಪರಿಹಾರ

ಮೇಲಿನವರು ತಳದ ಅಂಚನ್ನು ಬಿಟ್ಟು ಮೇಲಂಚನ್ನು ಹಿಡಿಯಲಿ. ಕೆಳಗಿನವರು ತಳದ ಅಂಚನ್ನೇ ಹಿಡಿಯಲಿ. ಈಗ ಎರಡು ಹಿಡಿತಗಳನ್ನು ಕೂಡಿಸುವ ಗೆರೆ ಬೀರುವಿನ ಕರ್ಣ. ಅದು ಗುರುತ್ವ ಕೇಂದ್ರದ ಮೂಲಕವೇ ಹಾಯುತ್ತದೆ. ಹಾಗಾಗಿ ಇಳಿಜಾರು ಎಷ್ಟೇ ಇರಲಿ, ಇಬ್ಬರಿಗೂ 40 ಕಿಲೋಗ್ರಾಂ. ಮೇಲಿನವರು ಬಗ್ಗುವುದೂ ತಪ್ಪುತ್ತದೆ. ನುಣುಪಾದ ತಗಡಿನಲ್ಲಿ ಹಿಡಿತ ಸಿಗದಿದ್ದರೆ ಹಗ್ಗ ಬಿಗಿದುಕೊಳ್ಳಬಹುದು.

ಈ ಲೆಕ್ಕ ಬೆನ್ನುಮೂಳೆಯ ಪ್ರಶ್ನೆಯೂ ಹೌದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 'ನಯಾಷ್' 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲ ಅನುಕೂಲಗಳಿದ್ದಾಗಲೂ ಒಬ್ಬರು ಎತ್ತುವ ಭಾರ 23 ಕಿಲೋಗ್ರಾಂ ಮೀರಬಾರದು. ಮೆಟ್ಟಿಲಿನ ಮೇಲೆ ಅಷ್ಟು ಅನುಕೂಲ ಎಲ್ಲಿದೆ? ಆದ್ದರಿಂದ ಇಬ್ಬರು ಸಾಲರು, ನಾಲ್ವರು ಬೇಕು. ನಾಲ್ವರಿದ್ದರೂ ಎಲ್ಲರೂ ತಳದ ಅಂಚನ್ನೇ ಹಿಡಿದು ಪಕ್ಕಕ್ಕೆ ಮಲಗಿಸಿ ಹೊತ್ತರೆ ಕೆಳಗಿನ ಒಬ್ಬೊಬ್ಬರಿಗೂ 26 ಕಿಲೋಗ್ರಾಂ ಮೀರುತ್ತದೆ. ಕರ್ಣದ ಹಿಡಿತದಲ್ಲಿ ತಲಾ 20 ಮಾತ್ರ. ಬೀರು ಖಾಲಿಯಾಗಿರಬೇಕು, ಬಾಗಿಲಿಗೆ ಬೀಗ ಬಿದ್ದಿರಬೇಕು. ತೆರೆದುಕೊಂಡ ಬಾಗಿಲು ಗುರುತ್ವ ಕೇಂದ್ರವನ್ನೇ ಸರಿಸಿಬಿಡುತ್ತದೆ.

ತಿರುವಿನಲ್ಲಿ

ಮಹಡಿ ತಲುಪಿದ ಮೇಲೆ ಕಾರಿಡಾರ್ ಲಂಬಕೋನದಲ್ಲಿ ತಿರುಗಿದರೆ? ಅದರ ಅಗಲವನ್ನು 1.414ರಿಂದ ಗುಣಿಸಿ, ಬೀರುವಿನ ದಪ್ಪ ಕಳೆದು, ಬಂದದ್ದನ್ನು ಎರಡರಷ್ಟು ಮಾಡಿ. ಅದು ತಿರುಗಬಲ್ಲ ಗರಿಷ್ಠ ಉದ್ದ. 1 ಮೀಟರ್ ಅಗಲದ ಕಾರಿಡಾರ್, 0.5 ಮೀಟರ್ ದಪ್ಪ ಇದ್ದರೆ ಉತ್ತರ 1.83 ಮೀಟರ್. ನಮ್ಮ 2 ಮೀಟರ್ ಬೀರು ಮಲಗಿದಂತೆ ತಿರುಗದು. ಅದನ್ನು ನಿಲ್ಲಿಸಿಯೇ ಸಾಗಿಸಬೇಕು. ಇದೇ ಪ್ರಶ್ನೆಯನ್ನು ಯಾವ ಆಕಾರಕ್ಕಾದರೂ ಅನ್ವಯಿಸಿ, ತಿರುಗಬಲ್ಲ ಅತಿ ದೊಡ್ಡ ವಿಸ್ತೀರ್ಣ ಎಷ್ಟೆಂದು 1966ರಲ್ಲಿ ಲಿಯೊ ಮೋಸರ್ ಕೇಳಿದರು. ಗಣಿತದಲ್ಲಿ ಇದು 'ಸೋಫಾ ಸಮಸ್ಯೆ' ಎಂದೇ ಪ್ರಸಿದ್ಧ. 1 ಮೀಟರ್ ಅಗಲದ ಕಾರಿಡಾರಿಗೆ ಸುಮಾರು 2.2195 ಚದರ ಮೀಟರ್‌ನ ಆಕಾರವೊಂದನ್ನು 1992ರಲ್ಲಿ ಜೋಸೆಫ್ ಗರ್ವರ್ ಕೊಟ್ಟರು. ಇದಕ್ಕಿಂತ ದೊಡ್ಡದು ಸಾಧ್ಯವಿಲ್ಲ ಎಂಬ ಸಾಧನೆಯನ್ನು ಕೊರಿಯದ ಜಿನಿಯನ್ ಬೇಕ್ 2024ರಲ್ಲಿ ಮಂಡಿಸಿದರು.

ಮಲಗಿದ ಬೀರುವನ್ನು ನಿಲ್ಲಿಸುವಾಗಲೂ ಎಚ್ಚರ ಬೇಕು. ತಲೆಯ ಕಡೆಯಿಂದ ಎತ್ತಲು ಆರಂಭದಲ್ಲಿ ಅರ್ಧ ತೂಕದಷ್ಟು ಬಲ ಸಾಕು. ಏಳುತ್ತಾ ಹೋದಂತೆ ಅದು ಕಡಿಮೆಯಾಗುತ್ತದೆ. ಸುಮಾರು 76 ಡಿಗ್ರಿ ದಾಟಿದೊಡನೆ ಗುರುತ್ವ ಕೇಂದ್ರ ಆಧಾರದ ಅಂಚನ್ನು ಮೀರಿ, ಬೀರು ತಾನಾಗಿಯೇ ಎದುರು ಬದಿಗೆ ಬೀಳತೊಡಗುತ್ತದೆ. ಆ ಬದಿಯಲ್ಲಿ ಒಬ್ಬರು ನಿಂತು ತಡೆದು, ಮೆಲ್ಲಗೆ ಇಳಿಸಬೇಕು. ಯಾರ ಪಾದವೂ ಅದರಡಿ ಇರಬಾರದು.

ತರಗತಿಯಲ್ಲಿ ಮಾಡಿ ನೋಡಿ

40 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಹಲಗೆಯ ನಾಲ್ಕು ಮೂಲೆಗಳಲ್ಲಿ ರಂಧ್ರ ಕೊರೆಯಿರಿ. ಉದ್ದದ ಅಂಚು ಕೆಳಗಿರುವಂತೆ ಹಲಗೆಯನ್ನು ನೆಟ್ಟಗೆ ಹಿಡಿದು, ಮೇಲಿನ ಎರಡು ರಂಧ್ರಗಳಿಗೆ ದಾರ ಕಟ್ಟಿ, ಎರಡು ಸ್ಪ್ರಿಂಗ್ ತಕ್ಕಡಿಗಳಿಂದ ತೂಗುಬಿಡಿ. ಒಂದು ತುದಿಯನ್ನು ಎತ್ತರಿಸಿ. ದಾರಗಳು ಮಾತ್ರ ನೆಟ್ಟಗೇ ಇರಲಿ. ಈಗ ಗುರುತ್ವ ಕೇಂದ್ರ ಹಿಡಿತದ ಗೆರೆಗಿಂತ ಕೆಳಗಿರುವುದರಿಂದ ಎತ್ತರದ ತಕ್ಕಡಿಯೇ ಹೆಚ್ಚು ತೋರಿಸುತ್ತದೆ. ಕರ್ಣದ ರಂಧ್ರಗಳಿಗೆ ಕಟ್ಟಿದರೆ ಎರಡೂ ಸಮ. ಕೆಳ ಅಂಚಿನ ರಂಧ್ರಗಳಿಂದ ತೂಗಲು ಹೋದರೆ ಹಲಗೆ ಮಗುಚಿಕೊಳ್ಳುತ್ತದೆ. ತಳದಲ್ಲಷ್ಟೇ ಹಿಡಿದ ಬೀರು ಕೈಯಲ್ಲಿ ಹೊರಳುವುದೂ ಇದೇ ಕಾರಣಕ್ಕೆ. ಅದನ್ನು ಬೆರಳಿನಿಂದ ಹಗುರಾಗಿ ತಡೆದು, ತಕ್ಕಡಿಗಳ ಅಂಕಿಗಳನ್ನು ಮೇಲಿನ ಸೂತ್ರದೊಡನೆ ಹೋಲಿಸಲು ವಿದ್ಯಾರ್ಥಿಗಳಿಗೆ ಹೇಳಿ.