ಹಂಪಿ ಪರಿಸರದ ಐಷಾರಾಮಿ ತಂಗುದಾಣಗಳು

ಹಂಪಿ ಪರಿಸರದ ಐಷಾರಾಮಿ ತಂಗುದಾಣಗಳು ಎಂಬ ಹೆಸರಿನಡಿ ಕರ್ನಾಟಕದ ವಿಜಯನಗರ, ಬಳ್ಳಾರಿ ಮತ್ತು ಕೊಪ್ಪಳ ಜಿಲ್ಲೆಗಳಲ್ಲಿ, ವಿಶ್ವ ಪರಂಪರೆಯ ತಾಣವಾದ ಹಂಪಿಯ ಸುತ್ತಲೂ ಬೆಳೆದಿರುವ ಉನ್ನತ ದರ್ಜೆಯ ಹೋಟೆಲುಗಳು, ವಿಹಾರಧಾಮಗಳು ಹಾಗೂ ಪಾರಂಪರಿಕ ವಸತಿಗಳನ್ನು ಗುರುತಿಸಲಾಗುತ್ತದೆ. ಇವು ಹೊಸಪೇಟೆ, ತುಂಗಭದ್ರಾ ಅಣೆಕಟ್ಟಿನ ಬಡಾವಣೆಯಾದ ಟಿ.ಬಿ. ಡ್ಯಾಂ, ಕಮಲಾಪುರ, ಸಂಡೂರು, ತೋರಣಗಲ್ಲು ಮತ್ತು ಆನೆಗೊಂದಿ ಭಾಗಗಳಲ್ಲಿ ಹಂಚಿಹೋಗಿವೆ. ನೆರೆಯ ಗೋವಾ ರಾಜ್ಯದಲ್ಲಿ ಐಷಾರಾಮಿ ವಸತಿಯೊಡನೆ ಕ್ಯಾಸಿನೊ ಸೇರಿಕೊಂಡಿರುವುದುಂಟು. ಕರ್ನಾಟಕದಲ್ಲಿ ಕಾನೂನು ಅದಕ್ಕೆ ಅವಕಾಶ ನೀಡಿಲ್ಲ. ಹೀಗಾಗಿ ಈ ಭಾಗದ ವಸತಿಗಳ ಬೆಲೆ ಮತ್ತು ದರ್ಜೆಯನ್ನು ನಿರ್ಧರಿಸುವ ಮುಖ್ಯ ಅಂಶ ಸ್ಮಾರಕಗಳ ಸಾಮೀಪ್ಯ. ಆ ಸಾಮೀಪ್ಯಕ್ಕೆ ಪರಂಪರೆ ಸಂರಕ್ಷಣೆಯ ಕಾನೂನು ಮಿತಿ ಹಾಕಿದೆ.

ಹಿನ್ನೆಲೆ

ತುಂಗಭದ್ರಾ ಅಣೆಕಟ್ಟಿನ ಕಾಮಗಾರಿ 1945ರಲ್ಲಿ ಆರಂಭವಾಗಿ 1953ರಲ್ಲಿ ಜಲಾಶಯ ಬಳಕೆಗೆ ಬಂದಿತು. ಆಗಿನ ಮದ್ರಾಸ್ ಪ್ರಾಂತ ಮತ್ತು ಹೈದರಾಬಾದ್ ಸಂಸ್ಥಾನಗಳು ಕೂಡಿ ಕೈಗೊಂಡ ಈ ಯೋಜನೆಗಾಗಿ ಹೊಸಪೇಟೆಯ ಪಕ್ಕದಲ್ಲಿ ಟಿ.ಬಿ. ಡ್ಯಾಂ ಬಡಾವಣೆ ನಿರ್ಮಾಣವಾಯಿತು. ಗುಡ್ಡದ ಮೇಲಿರುವ ವೈಕುಂಠ ಅತಿಥಿಗೃಹದಿಂದ ಜಲಾಶಯದ ವಿಸ್ತಾರವನ್ನೂ 33 ಕ್ರೆಸ್ಟ್ ಗೇಟುಗಳ ಸಾಲನ್ನೂ ನೋಡಬಹುದು. ಅಧಿಕಾರಿಗಳಿಗೂ ಗಣ್ಯರಿಗೂ ಮೀಸಲಾದ ಇಂತಹ ಅತಿಥಿಗೃಹಗಳೇ ಈ ಭಾಗದ ಆಧುನಿಕ ಸುಸಜ್ಜಿತ ವಸತಿಗಳ ಆರಂಭಿಕ ರೂಪ. ಮುಂದೆ ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಟಿ.ಬಿ. ಡ್ಯಾಂನಲ್ಲಿ ಮಯೂರ ವಿಜಯನಗರ ಹಾಗೂ ಕಮಲಾಪುರದಲ್ಲಿ ಮಯೂರ ಭುವನೇಶ್ವರಿ ಎಂಬ ಹೋಟೆಲುಗಳನ್ನು ತೆರೆಯಿತು. ಇವು ಮಧ್ಯಮ ದರದ ವಸತಿಗಳಾಗಿವೆ.

1986ರಲ್ಲಿ ಹಂಪಿಯ ಸ್ಮಾರಕ ಸಮೂಹವು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಳಿಕ ಹೊರದೇಶಗಳ ಪ್ರವಾಸಿಗರ ಸಂಖ್ಯೆ ಹೆಚ್ಚಿತು. 2008ರಲ್ಲಿ ಸಂಚಾರ ಆರಂಭಿಸಿದ ಗೋಲ್ಡನ್ ಚಾರಿಯಟ್ ಐಷಾರಾಮಿ ರೈಲು ಹೊಸಪೇಟೆಯನ್ನು ತನ್ನ ನಿಲುಗಡೆಗಳಲ್ಲಿ ಒಂದಾಗಿಸಿಕೊಂಡಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬೆಳವಣಿಗೆಯಿಂದ ವ್ಯಾಪಾರ ಸಂಬಂಧದ ಪ್ರಯಾಣಿಕರೂ ಹೆಚ್ಚಿದರು. 2017ರಲ್ಲಿ ಉಡಾನ್ ಯೋಜನೆಯಡಿ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಪ್ರಾದೇಶಿಕ ವಿಮಾನ ಸಂಪರ್ಕ ದೊರೆಯಿತು.

ಪರಂಪರೆ ಕಾನೂನು ಮತ್ತು ವಸತಿಗಳ ಸ್ಥಾನ

ಹಂಪಿಯ ಸ್ಮಾರಕಗಳ ನಡುವೆ ದೊಡ್ಡ ಹೋಟೆಲುಗಳು ಇಲ್ಲದಿರುವುದಕ್ಕೆ ಕಾನೂನಿನ ಕಾರಣವಿದೆ. 1961ರ ಮೈಸೂರು ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕಾಯಿದೆಯಡಿ ರಾಜ್ಯ ಸರ್ಕಾರವು 1988ರಲ್ಲಿ ಹಂಪಿ ಮತ್ತು ಸುತ್ತಲಿನ ಗ್ರಾಮಗಳನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಆನೆಗೊಂದಿಯ ಬಳಿ ಕೈಗೊಂಡ ಸೇತುವೆ ಕಾಮಗಾರಿಗಳಿಂದ ತಾಣದ ಸ್ವರೂಪಕ್ಕೆ ಧಕ್ಕೆ ಉಂಟಾಗುವುದೆಂದು 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಈ ಹಿನ್ನೆಲೆಯಲ್ಲಿ 2002ರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಕಾಯಿದೆ ಜಾರಿಗೆ ಬಂದಿತು. 2006ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಯಿಂದ ಕೈಬಿಡಲಾಯಿತು.

ಪ್ರಾಧಿಕಾರದ ವ್ಯಾಪ್ತಿ ನದಿಯ ಎರಡೂ ದಡಗಳಿಗೆ ಹರಡಿದೆ. ಒಳವಲಯದಲ್ಲಿ ಹೊಸ ವಾಣಿಜ್ಯ ಕಟ್ಟಡಗಳಿಗೆ ಕಠಿಣ ನಿರ್ಬಂಧವಿದ್ದು, ಹೊರವಲಯಗಳಲ್ಲಿ ಪ್ರಾಧಿಕಾರದ ಅನುಮತಿಯ ಮೇರೆಗೆ ನಿರ್ಮಾಣ ಸಾಧ್ಯ. ಈ ಕಾರಣದಿಂದ ದೊಡ್ಡ ತಂಗುದಾಣಗಳು ಕಮಲಾಪುರದ ಅಂಚಿನಲ್ಲಿ, ಹೊಸಪೇಟೆ ನಗರದಲ್ಲಿ ಮತ್ತು ಅದಕ್ಕೂ ದೂರದ ತೋರಣಗಲ್ಲಿನಲ್ಲಿ ನೆಲೆಗೊಂಡವು.

ಪ್ರಮುಖ ತಂಗುದಾಣಗಳು

ಕಮಲಾಪುರ: ಹಂಪಿಯಿಂದ ಸುಮಾರು 4 ಕಿ.ಮೀ. ದೂರದ ಕಮಲಾಪುರದ ಹೊರಭಾಗದಲ್ಲಿ ಎವಾಲ್ವ್ ಬ್ಯಾಕ್ ಕಮಲಾಪುರ ಪ್ಯಾಲೇಸ್ ಇದೆ. ಕೊಡಗಿನ ಸಿದ್ದಾಪುರದಲ್ಲಿ ಆರೆಂಜ್ ಕೌಂಟಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದ ಸಂಸ್ಥೆಯ ಹಂಪಿ ಶಾಖೆಯಿದು. ಇದರ ಕಮಾನುಗಳು, ಅಂಗಳಗಳು ಮತ್ತು ಕಲ್ಲಿನ ಹಾದಿಗಳು ಕಮಲ ಮಹಲ್ ಮೊದಲಾದ ವಿಜಯನಗರ ಕಾಲದ ಕಟ್ಟಡಗಳಿಂದ ಪ್ರೇರಿತವಾದವು. ಈ ಪರಿಸರದ ಅತಿ ದುಬಾರಿ ವಸತಿಗಳ ಸಾಲಿಗೆ ಇದು ಸೇರುತ್ತದೆ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಕುಟೀರಗಳೂ ಕಮಲಾಪುರದ ಸಮೀಪದಲ್ಲಿವೆ. ದರೋಜಿ ಕರಡಿಧಾಮದ ವೀಕ್ಷಣೆ ಇಲ್ಲಿಯ ಮುಖ್ಯ ಆಕರ್ಷಣೆ.

ಹೊಸಪೇಟೆ: ಹಂಪಿಯಿಂದ ಸುಮಾರು 13 ಕಿ.ಮೀ. ದೂರದ ಹೊಸಪೇಟೆಯಲ್ಲಿ ರಾಯಲ್ ಆರ್ಕಿಡ್ ಸೆಂಟ್ರಲ್ ಕಿರೀಟಿ ಮುಂತಾದ ನಗರ ಹೋಟೆಲುಗಳಿವೆ. ರೈಲು ನಿಲ್ದಾಣ, ಬಸ್ ನಿಲ್ದಾಣ, ಆಸ್ಪತ್ರೆ ಮತ್ತು ಮಾರುಕಟ್ಟೆಗಳ ಸಾಮೀಪ್ಯ ಇವುಗಳ ಅನುಕೂಲ. ಟಿ.ಬಿ. ಡ್ಯಾಂ ಉದ್ಯಾನಗಳನ್ನು ಸಂಜೆ ನೋಡಬಯಸುವವರಿಗೂ ಇವು ಹತ್ತಿರವಾಗುತ್ತವೆ.

ತೋರಣಗಲ್ಲು: ಉಕ್ಕಿನ ಕಾರ್ಖಾನೆಯ ವಿದ್ಯಾನಗರ ಬಡಾವಣೆಯಲ್ಲಿ ಹಯಾತ್ ಪ್ಲೇಸ್ ಹಂಪಿ 2012ರಲ್ಲಿ ಆರಂಭವಾಯಿತು. ಹೆಸರಿನಲ್ಲಿ ಹಂಪಿ ಇದ್ದರೂ ಇದು ಸಂಡೂರು ತಾಲ್ಲೂಕಿಗೆ ಸೇರಿದ್ದು, ಸ್ಮಾರಕಗಳನ್ನು ತಲುಪಲು 30 ಕಿ.ಮೀ.ಗೂ ಹೆಚ್ಚು ದೂರ ಪ್ರಯಾಣಿಸಬೇಕು. ವಿಮಾನ ನಿಲ್ದಾಣವು ಸಮೀಪದಲ್ಲಿರುವುದು ಇದರ ಅನುಕೂಲ.

ಸಂಡೂರು: ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಸಂಡೂರು ಸಂಸ್ಥಾನವು 1949ರಲ್ಲಿ ಮದ್ರಾಸ್ ಪ್ರಾಂತದಲ್ಲಿ ವಿಲೀನಗೊಂಡು, 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಮನೆತನದ ಶಿವವಿಲಾಸ ಅರಮನೆ ಪಾರಂಪರಿಕ ಹೋಟೆಲಾಗಿ ಮಾರ್ಪಟ್ಟಿದೆ. ಕಮಲಾಪುರದ ವಿಹಾರಧಾಮ ಅರಮನೆಯ ಮಾದರಿಯಲ್ಲಿ ಹೊಸದಾಗಿ ಕಟ್ಟಿದ್ದಾದರೆ, ಇದು ಅರಸರು ವಾಸಿಸಿದ ಅರಮನೆಯೇ ಆಗಿದೆ. ಮಳೆಗಾಲದಲ್ಲಿ ಹಸಿರಾಗುವ ಸಂಡೂರಿನ ಬೆಟ್ಟಗಳು ಹಾಗೂ ಕುಮಾರಸ್ವಾಮಿ ದೇವಾಲಯ ಇಲ್ಲಿಗೆ ಹತ್ತಿರ.

ಉತ್ತರ ದಡ: ನದಿಯಾಚೆ ಕೊಪ್ಪಳ ಜಿಲ್ಲೆಯಲ್ಲಿ ಹಂಪೀಸ್ ಬೋಲ್ಡರ್ಸ್ ಎಂಬ ವಿಹಾರಧಾಮವೂ, ಆನೆಗೊಂದಿಯಲ್ಲಿ ಉರಮ್ಮ ಹೆಸರಿನ ಪಾರಂಪರಿಕ ಮನೆಗಳೂ ಇವೆ. ಸಾಣಾಪುರದ ಸುತ್ತ ಹೋಂಸ್ಟೇ ಹಾಗೂ ಸಣ್ಣ ರೆಸಾರ್ಟುಗಳು ಬೆಳೆದಿವೆ. ಪರವಾನಗಿ ಇಲ್ಲದ ವಸತಿಗಳ ಮೇಲೆ ಪ್ರಾಧಿಕಾರ ಮತ್ತು ಜಿಲ್ಲಾಡಳಿತಗಳು ಕ್ರಮ ಕೈಗೊಂಡಿವೆ.

ನದಿ ಮತ್ತು ಋತುಮಾನ

ಉತ್ತರ ದಡದ ವಸತಿಗಳನ್ನು ಆಯ್ದುಕೊಳ್ಳುವವರಿಗೆ ಅಣೆಕಟ್ಟಿನ ನೀರಿನ ಹರಿವು ಮುಖ್ಯವಾಗುತ್ತದೆ. ಮುಂಗಾರಿನಲ್ಲಿ ಜಲಾಶಯ ತುಂಬಿ ಗೇಟುಗಳನ್ನು ತೆರೆದಾಗ ಹಂಪಿಯ ಪುರಂದರ ಮಂಟಪ ಜಲಾವೃತವಾಗುತ್ತದೆ. ದೋಣಿ ಮತ್ತು ಹರಿಗೋಲು ಸಂಚಾರ ನಿಲ್ಲುತ್ತದೆ. ಹೊರಹರಿವು ಇನ್ನಷ್ಟು ಹೆಚ್ಚಿದರೆ ಕಂಪ್ಲಿ ಮತ್ತು ಗಂಗಾವತಿ ನಡುವಿನ ಸೇತುವೆಯೂ ಮುಳುಗಡೆಯಾಗುವುದುಂಟು. ಆಗ ದಡದಿಂದ ದಡಕ್ಕೆ ಹೋಗಲು ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವಿನ ಸೇತುವೆಯ ಹಾದಿ ಅನಿವಾರ್ಯ. ಹಂಪಿಯನ್ನು ಎದುರಿಗೇ ಕಾಣುವ ಕೊಠಡಿಯಲ್ಲಿ ತಂಗಿದವರು ಅಲ್ಲಿಗೆ ತಲುಪಲು ಹಲವು ಕಿಲೋಮೀಟರು ಸುತ್ತಬೇಕಾಗುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಪ್ರವಾಸಕ್ಕೆ ಅನುಕೂಲಕರವಾಗಿದ್ದು, ಆಗ ಕೊಠಡಿಗಳ ಬಾಡಿಗೆಯೂ ಏರಿರುತ್ತದೆ.

ಕ್ಯಾಸಿನೊ ವಿಹಾರಧಾಮಗಳೊಡನೆ ಹೋಲಿಕೆ

ಭಾರತದ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಪಣ ಮತ್ತು ಜೂಜು 34ನೆಯ ವಿಷಯವಾಗಿದೆ. ಆದುದರಿಂದ ಕ್ಯಾಸಿನೊ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿವೆ. ಕರ್ನಾಟಕ ಪೊಲೀಸ್ ಕಾಯಿದೆ 1963ರ 79 ಮತ್ತು 80ನೆಯ ಪ್ರಕರಣಗಳು ಸಾರ್ವಜನಿಕ ಜೂಜುಕೇಂದ್ರ ನಡೆಸುವುದನ್ನೂ ಅಲ್ಲಿ ಜೂಜಾಡುವುದನ್ನೂ ಅಪರಾಧವೆಂದು ಪರಿಗಣಿಸುತ್ತವೆ. ಹೀಗಾಗಿ ಹಂಪಿ ಪರಿಸರದ ಯಾವುದೇ ತಂಗುದಾಣವು, ಎಷ್ಟೇ ತಾರೆಗಳ ದರ್ಜೆ ಹೊಂದಿದ್ದರೂ, ಕ್ಯಾಸಿನೊ ನಡೆಸುವಂತಿಲ್ಲ.

ಗೋವಾ, ದಮನ್ ಮತ್ತು ದಿಯು ಸಾರ್ವಜನಿಕ ಜೂಜು ಕಾಯಿದೆ 1976ಕ್ಕೆ 1992ರಲ್ಲಿ ತಂದ ತಿದ್ದುಪಡಿಯು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ಅನುಮತಿ ನೀಡಲು ಅವಕಾಶ ಕಲ್ಪಿಸಿತು. ಮುಂದಿನ ತಿದ್ದುಪಡಿಯಿಂದ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನಾಟಗಳಿಗೂ ಅವಕಾಶ ದೊರೆಯಿತು. ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿರುವ ಡೆಲ್ಟಿನ್ ರಾಯಲ್ ಮೊದಲಾದವು ಇಂತಹ ಹಡಗುಗಳು. ಸಿಕ್ಕಿಂ ರಾಜ್ಯವು 2002ರ ಕಾಯಿದೆಯಡಿ ಕ್ಯಾಸಿನೊಗಳಿಗೆ ಪರವಾನಗಿ ನೀಡುತ್ತದೆ. ಹೊಸಪೇಟೆಯ ಮೂಲಕ ವಾಸ್ಕೊಗೆ ಸಾಗುವ ಅಮರಾವತಿ ಎಕ್ಸ್‌ಪ್ರೆಸ್ ಹಂಪಿ ಮತ್ತು ಗೋವಾಗಳನ್ನು ಬೆಸೆಯುವುದರಿಂದ, ಒಂದೇ ರಜೆಯಲ್ಲಿ ಎರಡನ್ನೂ ನೋಡುವ ಪ್ರವಾಸಿಗರು ಈ ಎರಡು ಬಗೆಯ ವಸತಿಗಳನ್ನು ಹೋಲಿಸುವುದು ಸಹಜ.

ಎರಡರ ವ್ಯವಹಾರದ ಸ್ವರೂಪ ಬೇರೆಬೇರೆ. ಹಂಪಿ ಪರಿಸರದ ವಿಹಾರಧಾಮದ ಆದಾಯ ಕೊಠಡಿ, ಊಟ ಮತ್ತು ಮಾರ್ಗದರ್ಶನದಿಂದ ಬರುತ್ತದೆ. ಅತಿಥಿಗೆ ತನ್ನ ಒಟ್ಟು ವೆಚ್ಚ ಬಹುಮಟ್ಟಿಗೆ ಮೊದಲೇ ತಿಳಿದಿರುತ್ತದೆ. ಕ್ಯಾಸಿನೊ ವಿಹಾರಧಾಮದಲ್ಲಿ ಕೊಠಡಿ, ಊಟ ಅಥವಾ ಪಾನೀಯಗಳನ್ನು ಕಡಿಮೆ ದರಕ್ಕೆ ನೀಡಿ, ಆಟದ ಮೇಜಿನಿಂದ ಆ ಖರ್ಚನ್ನು ತುಂಬಿಕೊಳ್ಳುವುದು ರೂಢಿ. ಉದಾಹರಣೆಗೆ, 37 ಮನೆಗಳ ಯುರೋಪಿಯನ್ ರೂಲೆಟ್‌ನಲ್ಲಿ ಒಂದೇ ಸಂಖ್ಯೆಯ ಮೇಲೆ ಪಣವಿಟ್ಟು ಗೆದ್ದವರಿಗೆ ಪಣದ 35 ಪಟ್ಟು ಹಣ ದೊರೆಯುತ್ತದೆ. ಗೆಲ್ಲುವ ಸಾಧ್ಯತೆ 37ರಲ್ಲಿ 1 ಆಗಿರುವುದರಿಂದ, ಪಣವಿಟ್ಟ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 2 ರೂಪಾಯಿ 70 ಪೈಸೆ ಸಂಸ್ಥೆಗೆ ಉಳಿಯುತ್ತದೆ. 38 ಮನೆಗಳ ಅಮೆರಿಕನ್ ರೂಲೆಟ್‌ನಲ್ಲಿ ಈ ಮೊತ್ತ ಸುಮಾರು 5 ರೂಪಾಯಿ 26 ಪೈಸೆ. ಅದೇ ಹಣವನ್ನು ಮತ್ತೆ ಮತ್ತೆ ಪಣಕ್ಕಿಟ್ಟಾಗ ನಷ್ಟವೂ ಕೂಡುತ್ತ ಹೋಗುತ್ತದೆ. ಆದ್ದರಿಂದ ಅಗ್ಗದ ಕೊಠಡಿಯು ಅಗ್ಗದ ರಜೆಯಾಗುವುದೆಂಬ ಖಾತ್ರಿಯಿಲ್ಲ.

ತೆರಿಗೆಯಲ್ಲೂ ವ್ಯತ್ಯಾಸವಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ದರಗಳಂತೆ, ದಿನವೊಂದಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಶೇ 5, ಅದನ್ನು ಮೀರಿದ ಕೊಠಡಿಗೆ ಶೇ 18 ತೆರಿಗೆ ಅನ್ವಯವಾಗುತ್ತದೆ. ಕ್ಯಾಸಿನೊಗಳಿಗೆ ಈ ದರ ಶೇ 40.

ಕ್ಯಾಸಿನೊಗಳಿಗೆ ಅನುಮತಿ ನೀಡಿದ ಸರ್ಕಾರಗಳೂ ಸ್ಥಳೀಯರ ಮೇಲೆ ಅವುಗಳ ಪರಿಣಾಮವನ್ನು ತಗ್ಗಿಸಲು ಕ್ರಮ ಕೈಗೊಂಡಿವೆ. ಗೋವಾ ಸರ್ಕಾರವು 2020ರ ಫೆಬ್ರವರಿಯಿಂದ ಗೋವಾ ನಿವಾಸಿಗಳ ಕ್ಯಾಸಿನೊ ಪ್ರವೇಶವನ್ನು ನಿಷೇಧಿಸಿತು. 2010ರಲ್ಲಿ ಎರಡು ಬೃಹತ್ ಕ್ಯಾಸಿನೊ ವಿಹಾರಧಾಮಗಳು ಆರಂಭವಾದ ಸಿಂಗಪುರದಲ್ಲಿ, ಅಲ್ಲಿಯ ನಾಗರಿಕರು 24 ಗಂಟೆಗಳ ಪ್ರವೇಶಕ್ಕೆ 150 ಸಿಂಗಪುರ ಡಾಲರ್ ಶುಲ್ಕ ತೆರಬೇಕು. ವಿದೇಶಿ ಪ್ರವಾಸಿಗರಿಗೆ ಈ ಶುಲ್ಕವಿಲ್ಲ.

ವಿವಾದಗಳು

ಹಂಪಿಯಲ್ಲಿ ಸ್ಥಳೀಯರ ಪ್ರಶ್ನೆ ಎದುರಾದುದು ಸ್ಮಾರಕಗಳ ಸಂರಕ್ಷಣೆಯ ಕಾರಣದಿಂದ. ವಿರೂಪಾಕ್ಷ ದೇವಾಲಯದ ಎದುರಿನ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಅನೇಕ ಕುಟುಂಬಗಳು ವಾಸಿಸುತ್ತ, ಅಂಗಡಿ ಹಾಗೂ ಕಡಿಮೆ ದರದ ಕೊಠಡಿಗಳನ್ನು ನಡೆಸುತ್ತಿದ್ದವು. 2011ರ ಜುಲೈನಲ್ಲಿ ಅಧಿಕಾರಿಗಳು ಇವುಗಳನ್ನು ತೆರವುಗೊಳಿಸಿದರು. ನಿರಾಶ್ರಿತರಿಗೆ ಕಡ್ಡಿರಾಂಪುರದ ಬಳಿ ಪುನರ್ವಸತಿಗೆ ಜಾಗ ಗುರುತಿಸಲಾಯಿತು. ಬಜಾರು ಸ್ಮಾರಕದ ಭಾಗವಾದುದರಿಂದ ತೆರವು ಅಗತ್ಯವಾಗಿತ್ತು ಎಂಬುದು ಒಂದು ವಾದ. ಜನವಸತಿಯೂ ಹಂಪಿಯ ಜೀವಂತ ಪರಂಪರೆಯ ಅಂಗವಾಗಿತ್ತು ಎಂಬುದು ಇನ್ನೊಂದು ವಾದ.

ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆ ಎಂಬ ನದಿದ್ವೀಪವು ವಿದೇಶಿ ಯುವ ಪ್ರವಾಸಿಗರ ಮೆಚ್ಚಿನ ತಂಗುದಾಣವಾಗಿತ್ತು. ಇಲ್ಲಿಯ ರೆಸಾರ್ಟುಗಳು ಸಂರಕ್ಷಿತ ಪ್ರದೇಶದಲ್ಲಿ ಅನಧಿಕೃತವಾಗಿ ನಿರ್ಮಾಣಗೊಂಡಿವೆ ಎಂಬ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2015ರಲ್ಲಿ ನೀಡಿದ ಆದೇಶವನ್ನು 2020ರ ಫೆಬ್ರವರಿ 11ರಂದು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಮಾರ್ಚ್ ಆರಂಭದಲ್ಲಿ ಕಟ್ಟಡಗಳನ್ನು ಕೆಡವಲಾಯಿತು. ಅದೇ ತಿಂಗಳು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದುದರಿಂದ, ಅಲ್ಲಿ ದುಡಿಯುತ್ತಿದ್ದವರಿಗೆ ಬೇರೆಡೆ ಕೆಲಸ ಹುಡುಕುವುದು ಕಷ್ಟವಾಯಿತು.

ಈ ಎರಡು ತೆರವುಗಳಿಂದ ಸ್ಮಾರಕಗಳಿಗೆ ತೀರ ಹತ್ತಿರವಿದ್ದ ಅಗ್ಗದ ವಸತಿಗಳ ಬಹುಭಾಗ ಇಲ್ಲವಾಯಿತು. ಉಳಿದ ಅಧಿಕೃತ ವಸತಿಗಳಲ್ಲಿ ಹಂಪಿಗೆ ಸಮೀಪವಾದವುಗಳ ಬೇಡಿಕೆ ಹೆಚ್ಚಿತು.

ಆಯ್ಕೆಯ ಮಾನದಂಡಗಳು

ಹಂಪಿ ಪರಿಸರದ ತಂಗುದಾಣಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ಕೆಳಗಿನ ಅಂಶಗಳು ಪ್ರಯೋಜನಕ್ಕೆ ಬರುತ್ತವೆ.

- ದೂರ: ಹೆಸರಿನಲ್ಲಿ ಹಂಪಿ ಇರುವ ವಸತಿಗಳೆಲ್ಲವೂ ಹಂಪಿಯಲ್ಲಿಲ್ಲ; ಗ್ರಾಮ ಮತ್ತು ತಾಲ್ಲೂಕಿನ ಹೆಸರನ್ನು ಗಮನಿಸುವುದು ಅವಶ್ಯ.
- ದಡ: ಮಳೆಗಾಲದಲ್ಲಿ ದಕ್ಷಿಣ ದಡದ ವಸತಿಗಳಿಂದ ಮುಖ್ಯ ಸ್ಮಾರಕಗಳಿಗೆ ಸಂಚಾರ ಸುಲಭ.
- ಅನುಮತಿ: ಪ್ರಾಧಿಕಾರದ ವ್ಯಾಪ್ತಿಯಲ್ಲಿ ಪರವಾನಗಿ ಇಲ್ಲದ ವಸತಿ ಯಾವಾಗ ಬೇಕಾದರೂ ಮುಚ್ಚಲ್ಪಡಬಹುದು, ಮುಂಗಡ ಹಣ ಕೊಡುವವರು ಇದನ್ನು ಪರಿಶೀಲಿಸಬೇಕಾಗುತ್ತದೆ.
- ಒಟ್ಟು ವೆಚ್ಚ: ಬಾಡಿಗೆಯೊಡನೆ ತೆರಿಗೆ, ಊಟ ಮತ್ತು ಸ್ಮಾರಕಗಳಿಗೆ ಹೋಗಿಬರುವ ವಾಹನದ ಖರ್ಚು ಸೇರುತ್ತದೆ. ದೂರದ ಅಗ್ಗದ ಕೊಠಡಿ ಕೆಲವೊಮ್ಮೆ ಹತ್ತಿರದ ಕೊಠಡಿಗಿಂತ ದುಬಾರಿಯಾಗುತ್ತದೆ.
- ಆಹಾರ: ಹಂಪಿ ಗ್ರಾಮದಲ್ಲಿ ಮಾಂಸಾಹಾರ ಮತ್ತು ಮದ್ಯ ದೊರೆಯುವುದಿಲ್ಲ. ಅವು ಹೊಸಪೇಟೆ ಮತ್ತು ಕಮಲಾಪುರದ ಕೆಲವು ಹೋಟೆಲುಗಳಲ್ಲಿ ಲಭ್ಯ.