ಮೆಚ್ಚಿದಾಗ ಏನು ಕೊಡಬೇಕು?

'ಬಹುಮಾನ' ಎಂದೊಡನೆ ಇಂದು ನಮ್ಮ ಕಣ್ಣ ಮುಂದೆ ಬರುವುದು ಒಂದು ವಸ್ತು: ಬೆಳ್ಳಿಯ ಬಟ್ಟಲು, ಗೋಡೆಗಡಿಯಾರ, ಇಲ್ಲವೆ ಹಣವಿಟ್ಟ ಲಕೋಟೆ. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಹೆಚ್ಚಿನ ಆದರ, ಗೌರವ ಎಂದು ಅರ್ಥ. ಕನ್ನಡದಲ್ಲಿ ಬಳಕೆಯಾಗುತ್ತ ಬಂದಂತೆ ಅದು ಗೌರವದಿಂದ ಜಾರಿ ವಸ್ತುವಿನ ಮೇಲೆ ಹೋಗಿ ಕುಳಿತಿತು. ಹಳಗನ್ನಡದಲ್ಲಿ ಇದಕ್ಕೆ ಇನ್ನೂ ಚೊಕ್ಕವಾದ ಮಾತೊಂದಿತ್ತು, 'ಮೆಚ್ಚು' ಎಂದು. ಮನಸ್ಸು ಒಪ್ಪುವುದೂ ಮೆಚ್ಚು, ಒಪ್ಪಿ ಕೈಯೆತ್ತಿ ಕೊಡುವುದೂ ಮೆಚ್ಚು. ಒಳಗಿನ ಭಾವಕ್ಕೂ ಹೊರಗಿನ ಕೊಡುಗೆಗೂ ಒಂದೇ ಹೆಸರಿಟ್ಟವರು ಆ ಎರಡರ ನಡುವಣ ನಂಟನ್ನು ಚೆನ್ನಾಗಿ ಬಲ್ಲವರಾಗಿದ್ದಿರಬೇಕು.

ಬ್ಯಾಂಕು, ಹೋಟೆಲು, ಆಸ್ಪತ್ರೆ, ಅಂಗಡಿ, ಎಲ್ಲಿ ಹೋದರೂ ಆಡಳಿತ ನಡೆಸುವವರನ್ನು ಇಂದು ಕಾಡುವ ಪ್ರಶ್ನೆ ಒಂದೇ. ದುಡಿಯುವವರ ಹುರುಪು ಕುಂದದಂತೆಯೂ ಬಂದ ಗಿರಾಕಿಗೆ ಮುಖಗೊಟ್ಟು ಸೇವೆ ದೊರೆಯುವಂತೆಯೂ ಸಿಬ್ಬಂದಿಗೆ ಏನು ಬಹುಮಾನ ಕೊಡಬೇಕು? ಇದು ವಾಣಿಜ್ಯಶಾಸ್ತ್ರದ ಪ್ರಶ್ನೆ, ಕನ್ನಡದ ಮೇಷ್ಟರಿಗೆ ಇಲ್ಲೇನು ಕೆಲಸ ಎಂದು ಕೇಳುಗರಿಗೆ ಅನ್ನಿಸಬಹುದು. ನನಗೆ ತಿಳಿದ ಮಟ್ಟಿಗೆ, ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ದೊರೆತ ಅತ್ಯಂತ ಸೊಗಸಾದ ಉತ್ತರ ಒಂದು ಕಲ್ಲಿನ ಮೇಲಿದೆ. ಆದಕಾರಣ ಅಲ್ಲಿಂದಲೇ ತೊಡಗುತ್ತೇನೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಕಡೆಯಲ್ಲಿದ್ದ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಕೃಷ್ಣ ಮೆಚ್ಚಿ ಬೂತುಗನಿಗೆ ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳನ್ನೇ ಕೊಟ್ಟ. ಆ ಬೂತುಗನ ಕೈಕೆಳಗೆ ಮಣಲೆರನೆಂಬ ವೀರನಿದ್ದ. ಅವನ ಪರಾಕ್ರಮವನ್ನು ಕಂಡ ಬೂತುಗ, ಮೆಚ್ಚಿದ್ದೇನೆ, ನಿನಗೆ ಬೇಕಾದುದನ್ನು ಕೇಳು ಎಂದ. ಮಣಲೆರ ಹೊನ್ನನ್ನು ಕೇಳಲಿಲ್ಲ, ಹೆಸರನ್ನೂ ಕೇಳಲಿಲ್ಲ. ಒಡೆಯನ ಬಳಿ ಕಾಳಿ ಎಂಬ ಬೇಟೆನಾಯಿ ಇತ್ತು. ಅದನ್ನು ಕೇಳಿ ಪಡೆದ. ಮುಂದೆ ಒಂದು ಮೊರಡಿಯ ಮೇಲೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಆ ನಾಯಿಯ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಪೂಜೆ ಸಲ್ಲಿಸದೆ ಅಲ್ಲಿನ ಗೊರವ ಉಣ್ಣಬಾರದೆಂಬ ಕಟ್ಟಳೆಯೂ ಆ ಶಾಸನದಲ್ಲಿದೆ.

ಮಣಲೆರನಿಗೆ ನಾಯಿಯೊಂದೇ ಸಿಕ್ಕಿತೆಂದು ಯಾರೂ ಮರುಗಬೇಕಾಗಿಲ್ಲ. ಊರುಗಳ ಕೊಡುಗೆಯೂ ದೊರೆಯಿತೆಂದು ಅದೇ ಕಲ್ಲಿನಲ್ಲಿದೆ. ಅದರಲ್ಲೊಂದು 'ಬಾಳ್ಗಚ್ಚು', ಎಂದರೆ ಯೋಧನ ಕತ್ತಿಯನ್ನು ತೊಳೆದು ಕೊಡುವ ಭೂಮಿ. ನಾನು ಗಮನಿಸಬೇಕೆನ್ನುವ ಸಂಗತಿ ಎಂದರೆ, ಬದುಕಿಗೆ ಆಧಾರವಾದ ಭೂಮಿ ಬೇರೆ, ಮನಸ್ಸು ಬಯಸಿದ ನಾಯಿ ಬೇರೆ ಎಂಬ ವಿವೇಕ ಆ ಒಡೆಯನಿಗೂ ಆಳಿಗೂ ಇತ್ತು. ಬೂತುಗ ತನ್ನಷ್ಟಕ್ಕೆ ತಾನೇ ಯೋಚಿಸಿದ್ದರೆ ಒಂದು ಕತ್ತಿಯನ್ನೋ ಕಡಗವನ್ನೋ ಕೊಡುತ್ತಿದ್ದ. ಕಾಳಿಯ ಮೇಲೆ ಮಣಲೆರನಿಗೆ ಎಂದಿನಿಂದ ಕಣ್ಣಿತ್ತೋ ಅದು ಅವನಿಗೆ ಮಾತ್ರ ಗೊತ್ತು. ಕೇಳಿದ್ದರಿಂದ ತಿಳಿಯಿತು.

ಈಗಿನ ಕಾಲದ ಬಾಳ್ಗಚ್ಚು ಎಂದರೆ ಬೋನಸ್ಸು. 1965ರ ಬೋನಸ್ ಕಾಯಿದೆಗೆ ಆದ ತಿದ್ದುಪಡಿಗಳಿಂದ ಅದರ ಕನಿಷ್ಠ ಪ್ರಮಾಣ ಶೇಕಡ 8.33, ಎಂದರೆ ವರ್ಷದ ಸಂಬಳದಲ್ಲಿ ಹನ್ನೆರಡನೆಯ ಒಂದು ಪಾಲು, ಎಂದು ನಿಂತಿತು. ಗರಿಷ್ಠ ಶೇಕಡ 20. ಆ ಮೇಲಿನ 2019ರ ವೇತನ ಸಂಹಿತೆಯಲ್ಲಿಯೂ ಇವೇ ಅಂಕಿಗಳಿವೆ. ಇದು ನೌಕರನ ಹಕ್ಕು. ಹಕ್ಕನ್ನು ಬಹುಮಾನವೆಂದು ಬಣ್ಣಿಸಿ ಹಂಚುವ ಮಾಲೀಕರು ಸಾಲ ತೀರಿಸಿ ದಾನವೆಂದು ಹೇಳಿಕೊಂಡಂತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗಿನ ಸುಮಾರು ಇನ್ನೂರು ಎಂಜಿನಿಯರರನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಭೇದವನ್ನು ಇನ್ನೊಂದು ಬಗೆಯಲ್ಲಿ ಕಂಡ. ಸಂಬಳ, ಮೇಲಧಿಕಾರಿಯ ನಡತೆ, ಕೆಲಸದ ಸ್ಥಳ ಇವು ಕೆಟ್ಟರೆ ಜನ ಗೊಣಗುತ್ತಾರೆ. ಸರಿಯಾದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೆ. ಉತ್ಸಾಹ ಹುಟ್ಟುವುದು ಕೆಲಸದಿಂದಲೇ, ಅದರಲ್ಲಿ ಏನನ್ನಾದರೂ ಸಾಧಿಸಿದೆನೆಂಬ ಅರಿವಿನಿಂದ, ಆ ಸಾಧನೆಯನ್ನು ಇನ್ನೊಬ್ಬರು ಗುರುತಿಸಿದರೆಂಬ ಸಂತೋಷದಿಂದ. ಈ ವಿಂಗಡಣೆಯನ್ನು ಆಮೇಲಿನವರು ಬಹಳ ಪ್ರಶ್ನಿಸಿದ್ದಾರೆ. ಹೊಟ್ಟೆ ತುಂಬದವನಿಗೆ ಗುರುತಿಸುವಿಕೆಯ ಮಾತು ಹಿಡಿಸುವುದಿಲ್ಲವೆಂಬುದು ನಿಜ. ಆದರೂ ಸಂಬಳ ಸರಿಯಿಲ್ಲದ ಕಡೆ ಪದಕ ಹಂಚಬಾರದೆಂಬಷ್ಟನ್ನು ಅದರಿಂದ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಬಹುಮಾನ ಕೆಡುಕನ್ನು ಮಾಡಬಲ್ಲುದೆ? ಮಾಡಬಲ್ಲುದು. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ವಿದ್ವಾಂಸರು ಶಿಶುವಿಹಾರದ ಮಕ್ಕಳನ್ನು ಇಟ್ಟುಕೊಂಡು ನಡೆಸಿದ ಒಂದು ಪರೀಕ್ಷೆಯ ವಿವರ ಪ್ರಕಟವಾಯಿತು. ಬಣ್ಣದ ಲೇಖನಿಗಳಿಂದ ಚಿತ್ರ ಬಿಡಿಸುವುದೆಂದರೆ ತಾವಾಗಿಯೇ ಖುಷಿಪಡುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ನಕ್ಷತ್ರವೂ ರಿಬ್ಬನ್ನೂ ಇರುವ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ, ಬರೆದ ಮೇಲೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ವಾರವೆರಡು ವಾರ ಕಳೆದು, ಯಾರ ಒತ್ತಾಯವೂ ಇಲ್ಲದ ಹೊತ್ತಿನಲ್ಲಿ ಯಾರು ಎಷ್ಟು ಹೊತ್ತು ಚಿತ್ರ ಬರೆಯುತ್ತಾರೆಂದು ಮರೆಯಿಂದ ನೋಡಿದರು. ಮೊದಲೇ ಮಾತು ಕೊಟ್ಟಿದ್ದ ಗುಂಪಿನ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬರೆದರು. ಆಟವಾಗಿದ್ದುದು ಅವರಿಗೆ ಕೂಲಿಯಾಗಿತ್ತು. ಅನಿರೀಕ್ಷಿತವಾಗಿ ಪಡೆದವರ ಉತ್ಸಾಹ ಮಾತ್ರ ತಗ್ಗಿರಲಿಲ್ಲ. ಮಕ್ಕಳ ಆಟವನ್ನು ನೌಕರರ ದುಡಿಮೆಗೆ ನೇರವಾಗಿ ಹೋಲಿಸಲಾಗದು. ಆದರೆ ಗಿರಾಕಿಯೊಡನೆ ನಗುತ್ತ ಮಾತನಾಡುವುದು ಮುಂತಾದ, ಮನಸ್ಸಿನಿಂದ ಬರಬೇಕಾದ ಕೆಲಸಗಳಿಗೆ ಮುಂಗಡವಾಗಿ ಬೆಲೆ ಕಟ್ಟಿದರೆ ಏನಾದೀತೆಂಬುದಕ್ಕೆ ಇದೊಂದು ಸೂಚನೆ.

ಇದಕ್ಕಿಂತ ಭಯಂಕರವಾದ ಪಾಠ ಬ್ಯಾಂಕೊಂದರಿಂದ ಬಂದಿದೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಒಬ್ಬೊಬ್ಬ ಗ್ರಾಹಕನಿಗೂ ಎಂಟು ಬಗೆಯ ಖಾತೆ, ಕಾರ್ಡು, ಸಾಲಗಳನ್ನು ಮಾರಬೇಕೆಂಬ ಗುರಿಯನ್ನು ಇಟ್ಟುಕೊಂಡಿತ್ತು. ಗುರಿ ಮುಟ್ಟಿದ ಸಿಬ್ಬಂದಿಗೆ ಹಣ. ಮುಟ್ಟದವರಿಗೆ ದಿನದಿನವೂ ಬೆದರಿಕೆ. ಕೌಂಟರಿನಲ್ಲಿ ಕುಳಿತವರು ಏನು ಮಾಡಿಯಾರು? ಗ್ರಾಹಕರಿಗೆ ತಿಳಿಯದೆಯೇ ಅವರ ಹೆಸರಿನಲ್ಲಿ ಖಾತೆಗಳನ್ನು ತೆರೆದರು. 2016ರ ಸೆಪ್ಟೆಂಬರಿನಲ್ಲಿ ಸಂಗತಿ ಬಯಲಾದಾಗ ಅಂಥ ಖಾತೆಗಳ ಅಂದಾಜು ಸುಮಾರು 20 ಲಕ್ಷ. ಮರುವರ್ಷ ಅದು 35 ಲಕ್ಷಕ್ಕೇರಿತು. ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು; 2020ರಲ್ಲಿ ಮತ್ತೆ 300 ಕೋಟಿ ಡಾಲರ್ ತೆರಬೇಕಾಯಿತು. 2016ರಲ್ಲಿ ಸಂಗತಿ ಬಯಲಾಗುವ ಹೊತ್ತಿಗೆ ಕೆಲಸ ಕಳೆದುಕೊಂಡಿದ್ದ ಸುಮಾರು 5,300 ಮಂದಿಯಲ್ಲಿ ಬಹುಪಾಲು ಜನ ಕೆಳಗಿನ ಮೆಟ್ಟಿಲಿನವರು. ಆ ಬಹುಮಾನ ಎಣಿಸುತ್ತಿದ್ದುದು ಬ್ಯಾಂಕಿಗೆ ಬೇಕಾದುದನ್ನು. ಗ್ರಾಹಕನಿಗೆ ಏನು ಬೇಕಾಗಿತ್ತೆಂಬುದು ಆ ಎಣಿಕೆಯಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ.

ಇದರ ಪಕ್ಕದಲ್ಲಿ ನಮ್ಮ ಪಿಗ್ಮಿಯನ್ನು ಇಟ್ಟು ನೋಡಬೇಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಆ ಬ್ಯಾಂಕು 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಮಾತು ಮಾತ್ರ ಕನ್ನಡದಲ್ಲಿ ಉಳಿದಿದೆ. ಏಜೆಂಟು ದಿನವೂ ಮನೆಗೆ, ಅಂಗಡಿಗೆ ಬಂದು ಪುಡಿಗಾಸನ್ನು ಸಂಗ್ರಹಿಸುತ್ತಿದ್ದ. ಸಂಗ್ರಹಿಸಿದ ಹಣದ ಮೇಲೆ ಅವನಿಗೆ ಕಮಿಷನ್ನು. ಇಲ್ಲಿಯೂ ಲೆಕ್ಕಕ್ಕೆ ತಕ್ಕ ಪ್ರತಿಫಲವೇ. ಆದರೆ ಹೂ ಮಾರುವಾಕೆ ತನ್ನ ಕೈಯಾರೆ ನಾಣ್ಯವನ್ನು ಎಣಿಸಿ ಕೊಟ್ಟಲ್ಲದೆ ಆ ಲೆಕ್ಕ ಏರುವಂತಿರಲಿಲ್ಲ. ಏಜೆಂಟನಿಗೆ ಲಾಭ ಬರಬೇಕಾದರೆ ಆಕೆಯ ವಿಶ್ವಾಸವನ್ನು ನಾಳೆಯೂ ನಾಡಿದ್ದೂ ಉಳಿಸಿಕೊಳ್ಳಬೇಕಾಗಿತ್ತು. ಹಣ ನುಂಗಿದ ಏಜೆಂಟರು ಇರಲಿಲ್ಲವೆಂದು ನಾನು ಹೇಳಲಾರೆ. ಪ್ರತಿಫಲದ ದಾರಿ ಗ್ರಾಹಕನ ಕೈಯ ಮೂಲಕವೇ ಹಾದುಹೋಗುವಂತೆ ಆ ಏರ್ಪಾಡು ಇತ್ತೆಂಬುದನ್ನು ಮಾತ್ರ ಹೇಳುತ್ತಿದ್ದೇನೆ.

ಆ ಏಜೆಂಟರ ಕಥೆಗೆ ಇನ್ನೊಂದು ಮುಖವಿದೆ. ಕಮಿಷನ್ನು ದುಡಿಯುತ್ತಿದ್ದರೂ ಬ್ಯಾಂಕುಗಳ ಕಣ್ಣಿನಲ್ಲಿ ಅವರು ನೌಕರರಾಗಿರಲಿಲ್ಲ. ನ್ಯಾಯಮಂಡಳಿಯಿಂದ ಹೈಕೋರ್ಟಿಗೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಆ ವಿವಾದ ನಡೆಯಿತು. ಅವರೂ ಕಾರ್ಮಿಕರೇ ಎಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ತಿಂಗಳಿಗೆ 7,500 ರೂಪಾಯಿ ಸಂಗ್ರಹಕ್ಕೆ 750 ರೂಪಾಯಿ ನಿಶ್ಚಿತ ವೇತನ, ಅದರ ಮೇಲಿನ ಸಂಗ್ರಹಕ್ಕೆ ಶೇಕಡ 2 ಪ್ರೋತ್ಸಾಹಧನ ಎಂಬ ನ್ಯಾಯಮಂಡಳಿಯ ಏರ್ಪಾಡು ಊರ್ಜಿತವಾಯಿತು. ಕಮಿಷನ್ನಿನ ಜೊತೆಗೆ ಅವರು ಬೇಡಿದ್ದು, ನೀವು ನಮ್ಮವರು ಎಂಬ ಒಂದು ಮಾತನ್ನು ಮತ್ತು ಆ ಮಾತಿಗೆ ತಕ್ಕ ಭದ್ರತೆಯನ್ನು. ಎಷ್ಟೋ ಸಂಸ್ಥೆಗಳು ಗುತ್ತಿಗೆಯ ಜನರಿಗೆ ವರ್ಷಕ್ಕೊಮ್ಮೆ ಸಿಹಿ ಹಂಚುತ್ತವೆ. ಅವರ ಮನಸ್ಸಿನಲ್ಲಿ ಇರುವುದು ಸಿಹಿಯಲ್ಲವೆಂದು ಹಂಚುವವರಿಗೂ ಗೊತ್ತು.

ಸರ್ಕಾರಿ ಸಂಸ್ಥೆಗಳಲ್ಲಿ ನನಗೆ ಬಹಳ ಹಿಡಿಸಿರುವುದು ನಮ್ಮ ರಾಜ್ಯದ ರಸ್ತೆ ಸಾರಿಗೆ ನಿಗಮದ ಪದ್ಧತಿ. ವರ್ಷಗಟ್ಟಲೆ ಅಪಘಾತವಿಲ್ಲದೆ ಬಸ್ಸು ಓಡಿಸಿದ ಚಾಲಕನಿಗೆ ಬೆಳ್ಳಿಯ ಪದಕ, ಇನ್ನೂ ದೀರ್ಘಕಾಲ ಹಾಗೆ ನಡೆದುಕೊಂಡವನಿಗೆ ಚಿನ್ನದ ಪದಕ. ಪ್ರಯಾಣಿಕನಿಗೆ ಬಸ್ಸಿನಿಂದ ಬೇಕಾದುದರಲ್ಲಿ ಮೊದಲನೆಯದು ಜೀವಸಹಿತ ಊರು ಸೇರುವುದು; ಪದಕ ಎಣಿಸುವುದು ಅದನ್ನೇ. ಒಬ್ಬನಿಗೆ ಸಿಕ್ಕಿದರೆ ಇನ್ನೊಬ್ಬನಿಗೆ ತಪ್ಪಬೇಕೆಂಬ ನಿಯಮವೂ ಇಲ್ಲ. ಹತ್ತು ಮಂದಿಯಲ್ಲಿ ಹತ್ತು ಮಂದಿಯೂ ಯೋಗ್ಯರಾದರೆ ಹತ್ತು ಮಂದಿಗೂ ಉಂಟು. ತಿಂಗಳಿಗೊಬ್ಬ ಶ್ರೇಷ್ಠ ನೌಕರನನ್ನು ಆರಿಸಿ ಗೋಡೆಗೆ ಅವನ ಭಾವಚಿತ್ರ ತೂಗುಹಾಕುವ ಪದ್ಧತಿಯಲ್ಲಿ ಈ ಔದಾರ್ಯವಿಲ್ಲ. ಒಬ್ಬ ನಗುತ್ತಾನೆ, ಒಂಬತ್ತು ಮಂದಿ ಅವನ ಹುಳುಕನ್ನು ಹುಡುಕುತ್ತಾರೆ. ಕೊನೆಗೆ ಸರದಿಯ ಮೇಲೆ ಎಲ್ಲರ ಚಿತ್ರವೂ ಬಂದು, ಯಾರೂ ತಲೆಯೆತ್ತಿ ನೋಡದಂತಾಗುತ್ತದೆ.

ನಾನು ಪಾಠ ಹೇಳಿದ ಕಾಲೇಜೊಂದರಲ್ಲಿ ಪುಸ್ತಕ ಭಂಡಾರದ ಪರಿಚಾರಕರೊಬ್ಬರಿದ್ದರು. ಯಾವ ಹುಡುಗ ಯಾವ ಪುಸ್ತಕ ಕೇಳಿದರೂ ಪಟ್ಟಿ ನೋಡದೆ ತಂದುಕೊಡುವರು. ಹಿಂದಿನ ಸಾಲಿನ ಬೀರುಗಳ ಕಡೆ ಒಂದು ಟ್ಯೂಬ್‌ಲೈಟ್ ಹಾಕಿಸಿಕೊಡಿ ಎಂದು ಅವರು ಬಂದ ಬಂದ ಪ್ರಾಂಶುಪಾಲರನ್ನೆಲ್ಲ ಕೇಳುತ್ತಿದ್ದರು. ನಿವೃತ್ತಿಯ ದಿನ ಅವರಿಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿ, ಗೋಡೆಗಡಿಯಾರ ಕೊಟ್ಟು ಐದು ಮಂದಿ ಭಾಷಣ ಮಾಡಿದರು. ಹಿಂದಿನ ಸಾಲು ಅಂದಿಗೂ ಕತ್ತಲೆಯಾಗಿಯೇ ಇತ್ತು. ಆ ದೀಪವನ್ನು ಹತ್ತು ವರ್ಷ ಮೊದಲೇ ಮೆಚ್ಚಾಗಿ ಕೊಟ್ಟಿದ್ದರೆ ಅವರ ಸಂತೋಷವಿರಲಿ, ಎಷ್ಟು ಹುಡುಗರಿಗೆ ಪುಸ್ತಕ ಬೇಗ ಸಿಗುತ್ತಿತ್ತು! ಒಳ್ಳೆಯ ಕೆಲಸಗಾರರನ್ನು ಏನು ಬೇಕೆಂದು ಕೇಳಿದರೆ ಅವರು ಬಹಳ ಸಲ ತಮ್ಮ ಕೆಲಸ ಇನ್ನಷ್ಟು ಚೆನ್ನಾಗಿ ನಡೆಯಲು ಬೇಕಾದುದನ್ನೇ ಕೇಳುತ್ತಾರೆ. ಮಣಲೆರ ಕೇಳಿದ ನಾಯಿಯೂ ಬೇಟೆಗೆ ಒದಗುವ ನಾಯಿ.

ಮುಂಬಯಿಯ ತಾಜ್ ಹೋಟೆಲಿನ ಸಿಬ್ಬಂದಿ 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರ ಗುಂಡುಗಳ ನಡುವೆ ಅತಿಥಿಗಳನ್ನು ಕಾಪಾಡಲು ನಿಂತುದನ್ನು ಲೋಕ ಬಲ್ಲದು. ಆ ಹೋಟೆಲು ಸಮೂಹದಲ್ಲಿ 2001ರಿಂದ ಒಂದು ಏರ್ಪಾಡಿತ್ತು. ಅತಿಥಿಯಾಗಲಿ ಸಹೋದ್ಯೋಗಿಯಾಗಲಿ ಒಬ್ಬ ನೌಕರನನ್ನು ಮೆಚ್ಚಿ ಬರೆದರೆ ಅದನ್ನು ಒಂದು ಸಮಿತಿ ನೋಡಿ ಅಂಕ ಕೊಡಬೇಕು. 48 ಗಂಟೆಗಳೊಳಗೆ ಸಮಿತಿ ತೀರ್ಮಾನ ಮಾಡದೆ ಹೋದರೆ ಅಂಕ ತಾನಾಗಿಯೇ ನೌಕರನಿಗೆ ಸೇರುತ್ತದೆ. ಪ್ರಾಣ ಕೊಡುವ ಧೈರ್ಯ ಅಂಕಗಳಿಂದ ಬರುತ್ತದೆಂದು ಹೇಳುವುದು ಆ ಮೃತರಿಗೆ ಅವಮಾನ. ಅವರ ನಡತೆಯ ಬೇರು ಇನ್ನೆಲ್ಲೋ ಇದೆ. ಆದರೆ ಆ 48 ಗಂಟೆಗಳ ನಿಯಮ ನನಗೆ ಬಹಳ ಒಪ್ಪಿಗೆಯಾಯಿತು. ತಡ ಮಾಡಿದರೆ ನಷ್ಟ ಮೇಲಧಿಕಾರಿಯ ಮಾತಿಗೆ, ನೌಕರನಿಗಲ್ಲ. ನಮ್ಮ ಕಚೇರಿಗಳಲ್ಲಿ ಇದರ ವಿರುದ್ಧ ನಡೆಯುತ್ತದೆ: ಕಡತ ತಡವಾದಷ್ಟೂ ನಷ್ಟ ಕೆಳಗಿನವನಿಗೆ.

ಇಷ್ಟೆಲ್ಲ ಸಮಿತಿ, ಅಂಕ, ಪದಕ ಇಲ್ಲದ ಐದಾರು ಮಂದಿಯ ಬಟ್ಟೆ ಅಂಗಡಿಯವರು ಏನು ಮಾಡಬೇಕು? ಅವರಿಗೆ ಕೆಲಸ ಸುಲಭ. ಯಾರು ಏನನ್ನು ಬಯಸುತ್ತಾರೆಂದು ಕೇಳಲು ಅವರಿಗೆ ಹತ್ತು ನಿಮಿಷ ಸಾಕು. ಒಬ್ಬಳಿಗೆ ಮಗುವಿನ ಶಾಲೆ ಬಿಡುವ ಹೊತ್ತಿಗೆ ಅರ್ಧ ಗಂಟೆ ಬೇಕಾಗಿರಬಹುದು; ಒಬ್ಬನಿಗೆ ಸೂರತ್ತಿನಿಂದ ಬರುವ ಸೀರೆಗಳನ್ನು ಆರಿಸುವಾಗ ತನ್ನನ್ನೂ ಕೂರಿಸಿಕೊಳ್ಳಲಿ ಎಂದಿರಬಹುದು; ಇನ್ನೊಬ್ಬನಿಗೆ ಹಣವೇ ಬೇಕಾಗಿರಬಹುದು, ಅದೂ ನ್ಯಾಯವೇ. ದೀಪಾವಳಿಗೆ ಎಲ್ಲರಿಗೂ ಒಂದೇ ಅಳತೆಯ ಸಿಹಿಯ ಡಬ್ಬ ಕೊಡುವ ಮಾಲೀಕರು ಅದನ್ನು ಬಿಡಬೇಕಾಗಿಲ್ಲ. ಅದರ ಜೊತೆಗೆ, ಹಬ್ಬದ ವ್ಯಾಪಾರ ಮುಗಿದ ಮರುದಿನ ಯಾರಿಗೆ ರಜೆ ಬೇಕೆಂದು ಕೇಳಿ ನೋಡಲಿ.